ಗೋಡೆಯ ಮೇಲಿನ ಹಾಡುಗಾತಿ

"ಪೂಜೆಗೆ ಜನ ಬರೋ ಹೊತ್ತಾಯ್ತು. ಈ ಕ್ಯಾಬರೆಯವಳ ಕಾಲ ಕೆಳಗೆ ಸತ್ಯನಾರಾಯಣನ್ನ ಕೂರಿಸೋದಾ? ತೆಗಿ ಇದನ್ನ," ಎಂದರು ಕೇಶವಮೂರ್ತಿ, ಮಗನತ್ತ ತಿರುಗಿ.

ನವನೀತ್ ಹೆಂಡತಿಯ ಮುಖ ನೋಡಿದ. ನೀತಾ ಹಳೇ ಸಾಮಾನಿನ ಸಂತೆಯೊಂದರಲ್ಲಿ ಆಸೆಪಟ್ಟು ಕೊಂಡ ಪೋಸ್ಟರ್ ಅದು; ಪ್ಯಾರಿಸ್ಸಿನಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದ್ದು, ನೂರು ವರ್ಷಕ್ಕೂ ಹಳೆಯದು. ಹಸಿರು ಗೌನಿನ ಹಾಡುಗಾತಿ ಸೊಂಟದ ಮೇಲೆ ಕೈಯಿಟ್ಟು, ಬಾಯಿ ಅರ್ಧ ತೆರೆದು ನಿಂತಿದ್ದಾಳೆ. ಜರ್ಸಿ ಸಿಟಿಯ ಆ ಅಪಾರ್ಟ್‌ಮೆಂಟಿಗೆ ನದಿಯ ಕಡೆಯಿಂದ ಬರುವ ಬಿಸಿಲು ನೇರ ಅವಳ ಮೇಲೇ ಬೀಳುತ್ತಿತ್ತು.

"ಒಂದು ದಿನಕ್ಕೆ ತಾನೆ ನೀತಾ, ಕ್ಲಾಸೆಟ್‌ನಲ್ಲಿ ಇಟ್ಬಿಡೋಣ," ಎಂದು ನವನೀತ್ ಸ್ಟೂಲ್ ಹತ್ತಿದ.

"ಇಳಿಯೋ ಕೆಳಗೆ."

ಪ್ರಸಾದದ ಸಪಾದಕ್ಕೆ ರವೆ ಹುರಿಯುತ್ತಿದ್ದ ಅವನ ತಾಯಿ ಪದ್ಮಜಾ, ಸಟ್ಟುಗ ಹಿಡಿದೇ ಬಂದು ನಿಂತಿದ್ದರು. ಮಗನಿಗೆ ಆ ದನಿ ಹೊಸದು.

"ನಾನೂ ಹಾಡ್ತಿದ್ದೆ ಕಣೋ. ಬ್ರಿಗೇಡ್ ರೋಡ್ ಹತ್ರ ಒಂದು ಹೋಟೆಲ್‌ನಲ್ಲಿ, ಬ್ಯಾಂಡಿನ ಜೊತೆ."

"ಪದ್ಮಾ!"

"ನೀವು ನನ್ನ ಮೊದಲು ನೋಡಿದ್ದೂ ಅಲ್ಲೇ ಅಲ್ವೇನ್ರೀ? ವಾರ ವಾರ ಬಂದು ಮುಂದಿನ ಟೇಬಲ್‌ನಲ್ಲೇ ಕೂರ್ತಿದ್ರಿ. ಮದುವೆ ಮಾತು ಬಂದಾಗ, ಟೈಪಿಸ್ಟ್ ಆಗಿದ್ದೆ ಅಂತ ಹೇಳು ಅಂದ್ರಿ. ಹೇಳಿದೆ. ಹೆತ್ತ ಮಗನಿಗೂ ಹಾಗೇ ಹೇಳಿದೆ."

ನೀತಾ ಮೆಲ್ಲಗೆ ಕೇಳಿದಳು: "ಮತ್ತೆ ಯಾವತ್ತೂ ಹಾಡ್ಲೇ ಇಲ್ವಾ ಅತ್ತೆ?"

"ಇವನನ್ನ ತೊಟ್ಟಿಲಲ್ಲಿ ತೂಗೋವಾಗ ಒಂದ್ಸಲ ಹಾಡಿದೆ. ಆ ಗಂಟಲು ಈ ಮನೇಲಿ ಬೇಡ ಅಂದ್ರು."

"ನಿನ್ನ ಮಾನ ಉಳಿಸೋಕೆ ಹೇಳಿದ್ದು ನಾನು," ಎಂದರು ಕೇಶವಮೂರ್ತಿ.

"ನನ್ನ ಮಾನ ಅಲ್ಲ ರೀ."

ಒಲೆಯ ಮೇಲೆ ರವೆ ಸೀಯುವ ವಾಸನೆ ಬಂತು. ಯಾರೂ ಅತ್ತ ಹೋಗಲಿಲ್ಲ. ನವನೀತ್ ಪೋಸ್ಟರ್ ಮುಟ್ಟದೆ ಸ್ಟೂಲಿನಿಂದ ಇಳಿದ.

ಜನ ಬಂದರು. ಒಬ್ಬರು ಆಂಟಿ ಗೋಡೆ ನೋಡಿ, "ಯಾರಿದು, ಆಕ್ಟ್ರೆಸ್ಸಾ?" ಎಂದರು.

"ಹಾಡೋಳು," ಎಂದರು ಪದ್ಮಜಾ.

ಕೇಶವಮೂರ್ತಿ ತಲೆಯೆತ್ತದೆ ಮಣೆಯ ಮೇಲೆ ಕೂತರು. ಪದ್ಮಜಾ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಪುರೋಹಿತರು ಸಂಕಲ್ಪ ಹೇಳತೊಡಗಿ, ನಡುವೆ ನಿಲ್ಲಿಸಿದರು.

"ಅಮ್ಮಾ, ಯಜಮಾನರ ಕೈ ಮುಟ್ಟಿಕೊಳ್ಳಿ."

ಪದ್ಮಜಾರ ಕೈ ಮಡಿಲಲ್ಲೇ ಇತ್ತು. ಕೇಶವಮೂರ್ತಿಯವರ ಚಾಚಿದ ಅಂಗೈಯಿಂದ ಅಕ್ಷತೆಯ ನೀರು ಹನಿಹನಿಯಾಗಿ ತಟ್ಟೆಗೆ ಬೀಳುತ್ತಿತ್ತು.