ಎಡೆಯ ದಿನ ಪೂವಯ್ಯ ಹೇಳಿದ ಮಾತು

ಕಕ್ಕಬೆಯ ಪೂವಯ್ಯ ಕುಡಿತ ಬಿಡುತ್ತೇನೆಂದು ಮೂರು ಸಲ ಪಾಡಿ ಇಗ್ಗುತ್ತಪ್ಪನ ಮುಂದೆ ಆಣೆ ಹಾಕಿದ್ದ. ಮೂರು ಸಲವೂ ಆಣೆ ಮುರಿದು, ತಪ್ಪುಕಾಣಿಕೆ ಹಾಕಿ, ದೇವರ ಸಿಟ್ಟು ಇಳಿಯಿತೆಂದುಕೊಂಡು ಮತ್ತೆ ಕುಡಿದ. ಇಂಥ ಮನೆಗಳು ನಮ್ಮಲ್ಲಿ ಒಂದೆರಡಲ್ಲ. ಕೊನೆಗೆ ಹೆಂಡತಿ ಯಮುನ ಹೇಳಿಬಿಟ್ಟಳು: ಇನ್ನೊಮ್ಮೆ ಕುಡಿದರೆ ಮಕ್ಕಳನ್ನು ಕರೆದುಕೊಂಡು ಅಮ್ಮತ್ತಿಯ ತವರಿಗೆ ಹೋಗುತ್ತೇನೆ, ಮರಳಿ ಬರುವುದಿಲ್ಲ. ಅವಳು ಸುಮ್ಮನೆ ಹೆದರಿಸುವವಳಲ್ಲ.

ಆ ವಾರ ನಾಪೋಕ್ಲಿನ ನಾಣಯ್ಯ ಮನೆಗೆ ಬಂದ. ಮಿಲಿಟರಿಯಿಂದ ಬಂದವನು, ಒಂದು ಕಾಲದಲ್ಲಿ ಪೂವಯ್ಯನಿಗಿಂತ ದೊಡ್ಡ ಕುಡುಕ. ಈಗ ಎರಡು ವರ್ಷದಿಂದ ಮುಟ್ಟಿಲ್ಲ. ಸಂತೆಯ ದಿನ ಮಧ್ಯಾಹ್ನ ಕಾಫಿ ಗೋದಾಮಿನಲ್ಲಿ ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಸೇರುತ್ತಾರೆ, ಪೂವಯ್ಯನೂ ಬರಲಿ ಎಂದ.

“ಕುಡುಕರೇ ಸೇರಿ ಕುಡುಕರನ್ನು ರಿಪೇರಿ ಮಾಡೋದಾ ನಾಣಯ್ಯಣ್ಣ?” ಯಮುನ ನಕ್ಕಳು. “ಡಾಕ್ಟ್ರು ಇಲ್ಲೆ, ಪೂಜಾರಿ ಇಲ್ಲೆ. ಎಂತ ಗುಂಪು ಅದು?”

“ಡಾಕ್ಟ್ರ ಹತ್ರ ಮೊದಲು ಹೋಗಬೇಕು ತಂಗಿ. ಕೈ ನಡುಗುವಷ್ಟು ಕುಡಿಯುವವ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ನಾನು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಆದ್ರೆ ಮನೆಗೆ ಬಂದ ಮೇಲೆ ದಿನಾ ಬೆಳಗಾಗ್ತದಲ್ಲ, ಆಗ ಎಂತ ಮಾಡೋದು? ಅದಕ್ಕೆ ಗುಂಪು.”

“ಅಲ್ಲಿ ಎಂತ ಹೇಳಿಕೊಡ್ತಾರೆ?”

“ಇವತ್ತು ಕುಡಿಯೋದು ಬೇಡ. ಇವತ್ತು ಮಾತ್ರ. ನಾಳೆಯದ್ದು ನಾಳೆ ನೋಡುವ. ಆಣೆ ಇಲ್ಲೆ, ತಪ್ಪುಕಾಣಿಕೆ ಇಲ್ಲೆ. ಜಾರಿದವ ಮತ್ತೆ ಬಂದು ಕೂರ್ತಾನೆ. ಯಾರೂ ಬೈಯೋದಿಲ್ಲೆ.”

“ಬೈಯೋಕೆ ನಾನಿದ್ದೇನಲ್ಲ.”

“ಹತ್ತು ವರ್ಷ ಬೈದಿದ್ದೀಯ. ಬಿಟ್ಟನಾ?”

ಯಮುನ ಎದ್ದು ಗಂಡನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

ಪೂವಯ್ಯ ಆಸ್ಪತ್ರೆಗೆ ಹೋದ, ಆಮೇಲೆ ಗುಂಪಿಗೆ. ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ಕಾರಣವರಿಗೆ, ಅಂದರೆ ಮನೆಯ ಗತಿಸಿದ ಹಿರಿಯರಿಗೆ, ಎಡೆಯಿಡುವ ದಿನ ಬಂತು. ಎಲೆಯಲ್ಲಿ ಅನ್ನ, ಕೋಳಿಸಾರು, ಪಕ್ಕದಲ್ಲಿ ಸಾರಾಯಿ. ಎಡೆಯಿಟ್ಟ ಮೇಲೆ ಮನೆಯ ಯಜಮಾನನೇ ಮೊದಲ ಗುಟುಕು ಕುಡಿಯಬೇಕು. ಅಣ್ಣ ತೀರಿಕೊಂಡಿದ್ದರಿಂದ ಈ ವರ್ಷ ಪೂವಯ್ಯನೇ ಯಜಮಾನ.

ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಪೂವಯ್ಯನ ಜೊತೆಗಿರಲೆಂದು ನಾಣಯ್ಯನೂ ಗುಂಪಿನ ಐವರೂ ಬಂದು ಜಗಲಿಯ ಬೆಂಚಿನಲ್ಲಿ ಕುಳಿತರು. ಯಮುನ ಕಾಫಿ ತಂದವಳು ಹಾಗೆಯೇ ನಿಂತುಬಿಟ್ಟಳು. ಅಮ್ಮತ್ತಿಯ ಎಸ್ಟೇಟ್ ಮಾಲೀಕ ನಂಜಪ್ಪನ ಪಕ್ಕದಲ್ಲಿ ಅವನದೇ ತೋಟದ ಲೈನ್‌ಮನೆಯ ಕೂಲಿ ಸುಬ್ಬ ಕುಳಿತಿದ್ದ. ನಂಜಪ್ಪ ಮೊದಲ ಲೋಟ ಸುಬ್ಬನಿಗೆ ಕೊಟ್ಟು, “ಬಿಟ್ಟದ್ದರಲ್ಲಿ ಇವ ನನಗಿಂತ ಆರು ತಿಂಗಳು ಸೀನಿಯರ್” ಎಂದ. ಅವಳು ಹುಟ್ಟಿದ ಮೇಲೆ ಇಂಥದ್ದನ್ನು ಕಂಡಿರಲಿಲ್ಲ.

ಮಧ್ಯಾಹ್ನ ನಲವತ್ತು ಮಂದಿ ನೆಂಟರ ಮುಂದೆ ಪೂವಯ್ಯ ಎಡೆಯಿಟ್ಟ. ಸೋದರಮಾವ ಕುಟ್ಟಪ್ಪ ಲೋಟ ತುಂಬಿ ಚಾಚಿದ.

“ಹಿಡಿ ಪೂವಯ್ಯ. ಒಂದು ಗುಟುಕು. ಒಂದು ಗುಟುಕಿಗೆ ಯಾರೂ ಸಾಯೋದಿಲ್ಲೆ.”

ಪೂವಯ್ಯನ ಕೈ ಮುಂದಕ್ಕೆ ಹೋಯಿತು. ಯಮುನ ನಾಣಯ್ಯನ ಕಡೆ ನೋಡಿದಳು. “ಹೋಗಿ ಹಿಡ್ಕೊಳ್ಳಿ ಅವರನ್ನ!”

ನಾಣಯ್ಯ ಎದ್ದು ನಿಂತ. ಉಳಿದ ಐವರೂ ನಿಂತರು. ಯಾರೂ ಮುಂದೆ ಹೋಗಲಿಲ್ಲ. “ಅವನೇ ಹೇಳಬೇಕು ತಂಗಿ. ನಾವು ಇಲ್ಲಿದ್ದೇವೆ ಅಂತ ಅವನಿಗೆ ಗೊತ್ತುಂಟು.”

ಪೂವಯ್ಯ ತಿರುಗಿ ಆ ಆರು ಮುಖಗಳನ್ನು ನೋಡಿದ. ಕೈ ಹಿಂದಕ್ಕೆ ಬಂತು.

“ನಂಗೆ ಬೊತ್ತು ಮಾವ.”

ನಮ್ಮಲ್ಲಿ ಎಡೆಯ ಲೋಟಕ್ಕೆ ಬೇಡವೆಂದವರನ್ನು ಯಾರೂ ಕಂಡಿರಲಿಲ್ಲ.

“ಕಾರಣವರಿಗೆ ಅವಮಾನ ಮಾಡ್ತೀಯಾ?” ಕುಟ್ಟಪ್ಪ ಗದರಿದ.

“ಅವರ ಪಾಲು ಅವರಿಗೆ ಇಟ್ಟಿದ್ದೇನೆ. ನನ್ನ ಪಾಲು ಬೊತ್ತು. ಒಂದು ಗುಟುಕು ಕುಡಿದ್ರೆ ನನಗೆ ನಿಲ್ಲಿಸೋಕೆ ಆಗೋದಿಲ್ಲ. ಅಷ್ಟು ಶಕ್ತಿ ನನ್ನಲ್ಲಿಲ್ಲ ಮಾವ.”

ಹುಲಿಯಂಥ ಗಂಡಸು ನೆಂಟರೆಲ್ಲರ ಎದುರು ತನ್ನಲ್ಲಿ ಶಕ್ತಿಯಿಲ್ಲ ಎಂದ. ತಲೆ ತಗ್ಗಿಸಲಿಲ್ಲ. ಯಮುನ ಕೈಮುಗಿದಳು, ಎಡೆಗೋ, ಗಂಡನಿಗೋ, ಜಗಲಿಯಲ್ಲಿ ನಿಂತವರಿಗೋ, ಅವಳಿಗೇ ತಿಳಿಯಲಿಲ್ಲ. ಕುಟ್ಟಪ್ಪ ಸಿಟ್ಟಿನಿಂದ ಲೋಟವನ್ನು ತಾನೇ ಮುಗಿಸಿ ಊಟದ ಎಲೆಯ ಮುಂದೆ ಕುಳಿತ. ಆದರೆ ಎರಡನೆಯ ಸಲ ಚಾಚಲಿಲ್ಲ.

ಊಟವಾದ ಮೇಲೆ ಯಮುನ ನಾಣಯ್ಯನನ್ನು ಕೇಳಿದಳು: “ಕುಡಿಯುವವರ ಹೆಂಗಸರಿಗೂ ಇಂಥ ಗುಂಪು ಉಂಟಾ? ಹತ್ತು ವರ್ಷದ್ದು ನನಗೂ ಹೇಳಿಕೊಳ್ಳಬೇಕು.”

“ಇಲ್ಲೆ. ನೀನೇ ಶುರು ಮಾಡು.”

ಓದಿದವರೇ, ಕೇಳಿದವರೇ, ಪೂವಯ್ಯ ಗೆದ್ದ ಎಂದು ನಾವು ಹೇಳುವುದಿಲ್ಲ. ಅವನು ಆ ದಿನ ಕುಡಿಯಲಿಲ್ಲ, ಅಷ್ಟೇ. ಅಂಥ ಒಂದು ದಿನ ನಿಮಗೂ ಸಿಗುತ್ತದೆ. ಕುಡಿತ ಬಿಡಬೇಕೆನ್ನುವವರು ಮೊದಲು ಡಾಕ್ಟರನ್ನು ಕಾಣಿ, ಆಮೇಲೆ ನಿಮ್ಮಂತೆಯೇ ಬಿದ್ದು ಎದ್ದ ಒಬ್ಬರನ್ನಾದರೂ ಹುಡುಕಿ ಜೊತೆಗೆ ಕುಳಿತುಕೊಳ್ಳಿ. ಗುಂಪಿಗೆ ಇಬ್ಬರು ಸಾಕು. ಕುಡಿಯದವರಿಗೂ ಒಂದು ಕೆಲಸವಿದೆ: ನಿಮ್ಮ ಮನೆಯಲ್ಲಿ ಯಾರಾದರೂ ಲೋಟ ಬೇಡವೆಂದರೆ, ಅದನ್ನು ಎರಡನೆಯ ಸಲ ಚಾಚಬೇಡಿ.