ಕಾಲು ತೆಗೆದರೆ ನಿಲ್ಲುವ ಗಾಡಿ

"ಇನ್ನೊಂಚೂರು ತಳ್ರೋ," ಎಂದ ಚಿಕ್ಕಪ್ಪ, ಸ್ಟಿಯರಿಂಗ್ ಹಿಡಿದುಕೊಂಡು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದ ಏಳೆಂಟು ಜನ ಹಳೆಯ ಪಿಕಪ್ಪಿಗೆ ಭುಜ ಕೊಟ್ಟಿದ್ದರು. ಹಿಂದೆ, ಪೆಟ್ಟಿಗೆಯೊಳಗೆ ಗಾಡಿಯ ಯಜಮಾನ ಮಲಗಿದ್ದ.

"ಊರಿನವರ ಗಾಡಿನೆಲ್ಲ ತಳ್ಳಿದೋನು. ಇವತ್ತು ಮುಯ್ಯಿ ತೀರಿಸ್ಕೊಳ್ತಿದಾನೆ," ಎಂದು ತರಕಾರಿಯವನು ಏದುಸಿರು ಬಿಟ್ಟ.

ಇಂಜಿನ್ನು ಕೆಮ್ಮಿ ಹತ್ತಿಕೊಂಡಿತು. ಚಿಕ್ಕಪ್ಪ ನೆಮ್ಮದಿಯಿಂದ ಕಾಲು ತೆಗೆದ. ಮತ್ತೆ ನಿಂತಿತು.

"ಇಳೀರಿ ಚಿಕ್ಕಪ್ಪ," ಎಂದಳು ಯಜಮಾನನ ಮಗಳು.

ಗಾಡಿ ರಿಪೇರಿ ಮಾಡುವ ಅಪ್ಪನಿಗೆ ಟಾರ್ಚು ಹಿಡಿದೇ ಬೆಳೆದವಳು ಅವಳು. ಬಾನೆಟ್ಟು ಎತ್ತಿದ ಕೂಡಲೇ ಸುಟ್ಟ ರಬ್ಬರಿನ ವಾಸನೆ ಬಂತು. ಕಳೆದ ವಾರವಷ್ಟೇ ಅಪ್ಪ ಗುಜರಿಗೆ ಬಂದ ಬಸ್ಸಿನಿಂದ ಬ್ಯಾಟರಿ ತುಂಬಿಸುವ ದೊಡ್ಡ ಆಲ್ಟರ್ನೇಟರ್ ತಂದು ಕೂರಿಸಿದ್ದ. ಅಲ್ಲಿಂದ ಬ್ಯಾಟರಿಗೆ ಹೋಗುವ ತಂತಿ ಮಾತ್ರ ಹಳೆಯದೇ, ಕಡ್ಡಿಯಷ್ಟು ಸಣ್ಣದು. ಅಷ್ಟು ಕರೆಂಟು ತಾಳಲಾರದೆ ಕರಗಿತ್ತು. ಬೇರೆಯವರ ಗಾಡಿಯಲ್ಲಿ ಈ ತಪ್ಪು ಕಂಡಿದ್ದರೆ ಅಪ್ಪ ಸರಿಯಾಗಿ ಬೈಯುತ್ತಿದ್ದ.

ಸೀಟಿನ ಕೆಳಗೆ ಹೆಬ್ಬೆರಳು ದಪ್ಪದ ಹೊಸ ತಂತಿಯ ಸುರುಳಿ ಸಿಕ್ಕಿತು.

"ಭಾನುವಾರ ಹಾಕ್ತೀನಿ ಅಂದಿದ್ರು," ಎಂದಳು ಅಮ್ಮ. "ಮೊಮ್ಮಗಳ ಶಾಲೆ ನಾಟಕಕ್ಕಾದ್ರೂ ಒಳಗೆ ಹೋಗಿ ಕೂರ್ಬೇಕು ಅಂತ ಆಸೆ."

*

ಬ್ಯಾಟರಿ ಚಾರ್ಜ್ ಆಗದ ಗಾಡಿ. ಎಲ್ಲಿಗೆ ಹೋದರೂ ಅಪ್ಪ ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಶಾಲೆಯ ನಾಟಕದಲ್ಲಿ ರಾಣಿಯಾದ ದಿನ ಅಪ್ಪನೆಂದರೆ ಕಿಟಕಿಯಾಚೆಯ ಗುರುಗುರು ಸದ್ದಷ್ಟೇ. ಅವಳ ಮದುವೆಯ ದಿನವೂ ಅವನು ರಸ್ತೆಯಲ್ಲೇ ಕೂತಿದ್ದ. ಅವಳೇ ಊಟದ ತಟ್ಟೆ ಹಿಡಿದು ಹೊರಗೆ ಬಂದಳು.

"ಒಳಗೆ ಬಾಪ್ಪಾ, ಫೋಟೋ ತೆಗೀತಿದಾರೆ."

"ಕಾಲು ತೆಗೆದ್ರೆ ನಿಂತ್ಹೋಗುತ್ತೆ ಪುಟ್ಟಿ. ಆಮೇಲೆ ನಿಮ್ಮಜ್ಜೀನ ಮನೆಗೆ ಹೊತ್ಕೊಂಡು ಹೋಗ್ಲಾ?"

"ಹೊಸಾ ಆಲ್ಟರ್ನೇಟರ್ ತಂದಿದ್ಯಲ್ಲ?"

"ತರಕಾರಿಯವನ ವ್ಯಾನಿಗೆ ಹಾಕ್ಬಿಟ್ಟೆ. ಪಾಪ, ಬೆಳಗ್ಗೇನೇ ಮಾರುಕಟ್ಟೆಗೆ ಹೋಗ್ಬೇಕಿತ್ತು ಅವನು."

ಪೆಡಲ್ಲಿನಿಂದ ಕಾಲು ತೆಗೆಯದೆ ಊಟ ಮಾಡಿದ. "ನಿನ್ನ ಮಗಳ ಮದುವೇಲಿ ಮೊದಲನೇ ಸಾಲಲ್ಲೇ ಕೂರ್ತೀನಿ ನೋಡು," ಎಂದ.

*

ಹೊಸ ತಂತಿಯ ನಟ್ಟು ಬಿಗಿದಳು. ಜನ ಮತ್ತೆ ತಳ್ಳಿದರು. ಈ ಸಲ ಅವಳೇ ಕೂತಿದ್ದಳು. ಚಾರ್ಜು ತೋರಿಸುವ ಮೀಟರಿನ ಮುಳ್ಳು ಎಷ್ಟೋ ವರ್ಷಗಳ ನಂತರ ಮೇಲೇರಿತು. ಏರು ದಾರಿ ಹತ್ತಿ, ಸ್ಮಶಾನದ ಗೇಟಿಗೆ ಗಾಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದಳು.

"ಆಫ್ ಮಾಡಿ ಬಾಮ್ಮ," ಎಂದ ಚಿಕ್ಕಪ್ಪ.

"ಬ್ಯಾಟರಿ ಇನ್ನೂ ತುಂಬಿಲ್ಲ. ಈಗ ನಿಂತ್ರೆ ಗೇಟಲ್ಲೇ ನಿಲ್ಲುತ್ತೆ." ಎದುರಿಗೆ ಇನ್ನೊಂದು ಮನೆಯವರು ತಮ್ಮ ಪೆಟ್ಟಿಗೆಯೊಡನೆ ದಾರಿ ಕಾಯುತ್ತಿದ್ದರು.

"ಬೇರೆ ಯಾರಾದ್ರೂ ಕೂರ್ಲಿ."

"ಆಗ ನೀವು ಕೂತಿದ್ರಲ್ಲ ಚಿಕ್ಕಪ್ಪ, ಏನಾಯ್ತು?"

ಚಿಕ್ಕಪ್ಪ ಪೆಟ್ಟಿಗೆಯ ಕಡೆ ನಡೆದ. ಅಮ್ಮ ಕಿಟಕಿಯೊಳಗೆ ಕೈ ಚಾಚಿ ಮಗಳ ಕೆನ್ನೆಗಂಟಿದ ಮಸಿಯನ್ನು ಸೆರಗಿನಿಂದ ಒರೆಸಿ, ತನ್ನ ನೋಯುವ ಮಂಡಿ ಹಿಡಿದುಕೊಂಡು ಗೇಟಿನೊಳಗೆ ನಡೆದಳು.

ತರಕಾರಿಯವನು ಮಾತ್ರ ಒಂದು ಕ್ಷಣ ಹಿಂದುಳಿದ. ಬಾಗಿಲಿನ ಕನ್ನಡಿಯ ಧೂಳನ್ನು ತೋಳಿನಿಂದ ಒರೆಸಿದ. "ಕಾಣ್ತಿದ್ಯಾ?" ಎಂದು ಕೇಳುತ್ತ, ಅಗೆದ ಗುಂಡಿ ಅವಳಿಗೆ ಕಾಣುವ ತನಕ ಅದನ್ನು ತಿರುಗಿಸಿದ.

"ಕಾಣ್ತಿದೆ."

ಕನ್ನಡಿಯಲ್ಲಿ ನಾಲ್ವರು ಪೆಟ್ಟಿಗೆಗೆ ಕೈ ಹಾಕಿದರು. ಅವಳು ಪೆಡಲ್ಲನ್ನು ಇನ್ನಷ್ಟು ಒತ್ತಿ ಹಿಡಿದಳು. ಪೆಟ್ಟಿಗೆಯ ಭಾರ ಇಳಿದು ಹಿಂದಿನ ಸ್ಪ್ರಿಂಗುಗಳು ಕಿರುಗುಟ್ಟಿದವು; ಗಾಡಿ ಅವಳನ್ನು ಹೊತ್ತುಕೊಂಡೇ ಒಂದು ಬೆರಳಷ್ಟು ಮೇಲೆದ್ದಿತು.