ಬ್ಯಾಟರಿ ಗಾಜಿನೊಳಗಿನ ಮರಿಗಳು

ಗಂಡ ತೀರಿಕೊಂಡು ಮೂರು ತಿಂಗಳು ಎಂಟು ದಿನಕ್ಕೆ ಬಷೀರುನ್ನೀಸಾಳ ಕೋಣೆಯಲ್ಲಿ ಒಂದು ಸಂಸಾರ ಹುಟ್ಟಿತು. ಹುಟ್ಟಿದ್ದು ಗಾಜಿನ ತೊಟ್ಟಿಯೊಳಗೆ, ಒಡೆದ ಹಂಚಿನ ಚೂರಿನ ಮೇಲೆ. ಹಿಂದಿನ ಸಂಜೆಯವರೆಗೂ ಸಾಸಿವೆಯ ಹಾಗೆ ಅಂಟಿಕೊಂಡಿದ್ದ ಮೊಟ್ಟೆಗಳು ಬೆಳಗಾಗುವಷ್ಟರಲ್ಲಿ ಬಾಲ ಬಂದು ಮಿಣಮಿಣ ಅಲ್ಲಾಡುತ್ತಿದ್ದವು.

ಮಳವಳ್ಳಿಯ ಪೇಟೆ ಬೀದಿಯಲ್ಲಿ ಅವಳ ಗಂಡ ಫಕ್ರುದ್ದೀನ್ ತನ್ನ ತಮ್ಮ ಮಜೀದನ ಜೊತೆ ಬ್ಯಾಟರಿಗೆ ಚಾರ್ಜು ತುಂಬುವ ಅಂಗಡಿ ಇಟ್ಟಿದ್ದ. ದೊಡ್ಡ ಬ್ಯಾಟರಿಗೆ ಆಸಿಡ್ಡು ತುಂಬುವ ಹಳೆಯ ಗಾಜಿನ ತೊಟ್ಟಿಯೊಂದನ್ನು ಬೂದಿ ಹಾಕಿ ಏಳು ಸಲ ಉಜ್ಜಿ, ಆಸಿಡ್ಡಿನ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು, ಊರಾಚೆಯ ಕೆರೆಯಿಂದ ಎರಡು ಅರಿಶಿನ ಬಣ್ಣದ ಮೀನು ತಂದು ಅದರಲ್ಲಿ ಬಿಟ್ಟ. ಅಂಗೈಗಿಂತ ಚಿಕ್ಕವು, ಪಕ್ಕೆಗೊಂದು ಕಪ್ಪು ಬೊಟ್ಟು. ತಂದ ತಿಂಗಳಿಗೇ ಚಳಿಜ್ವರ ಹಿಡಿದು ಮಲಗಿದವನು ಮತ್ತೆ ಏಳಲಿಲ್ಲ.

ಈಗ ಅವಳಿಗೆ ಇದ್ದತ್ತು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಮೈದುನ ಮಜೀದನೂ ಆ ಲೆಕ್ಕದಲ್ಲಿ ಪರಗಂಡಸೇ. ಕೋಣೆಗೆ ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಅವಳ ಅಜ್ಜಿ ಬಿಬಿ ಜಾನ್ ಹೇಳುತ್ತಿದ್ದ ಕತೆಗಳಲ್ಲಿ ಸೆರೆಯಾದ ಶಹಜಾದಿಗೆ ಏಳು ಊರಿನ ಸುದ್ದಿ ತಂದು ಹೇಳುವ ಗಿಳಿಯೊಂದು ಇದ್ದೇ ಇರುತ್ತಿತ್ತು. ಇವಳಿಗೆ ಸಿಕ್ಕಿದ್ದು ಬಾಯಿ ತೆರೆದು ಮುಚ್ಚುವ ಮೀನು.

ಇದ್ದತ್ತು ಮುಗಿದ ದಿನವೇ ಯಲಿಯೂರಿನಿಂದ ಅಣ್ಣ ಬಂದು ಕರೆದೊಯ್ಯುತ್ತಾನೆ. ಅಲ್ಲೂ ಒಂದು ಕೋಣೆ ಕಾದಿದೆ. ಎರಡು ಕೋಣೆಗಳ ನಡುವೆ ಅವಳಿಗೆ ಸಿಗುವುದು ಒಂದೇ ಒಂದು ಬೆಳಗು. ಆ ಬೆಳಗು ತಾನೇ ಕೆರೆಯವರೆಗೆ ನಡೆದು, ಮರಿಗಳನ್ನು ತನ್ನ ಕೈಯಾರೆ ನೀರಿಗೆ ಬಿಡಬೇಕು. ಅಲ್ಲಿಯವರೆಗೆ ಅವು ಬದುಕಿರಬೇಕು. ಬೇರೇನನ್ನೂ ಅವಳು ಬೇಡಿಕೊಳ್ಳುತ್ತಿರಲಿಲ್ಲ.

ಹಿತ್ತಿಲ ಬಾಗಿಲಿಗೆ ಹಾಲು ತರುವ ಶಿವನಂಜಮ್ಮ ಬಗ್ಗಿ ನೋಡಿದಳು. ತಾಯಿ ಮೀನು ಮರಿಗಳನ್ನು ಬಾಯಲ್ಲಿ ತುಂಬಿಕೊಂಡು ಮರಳಿನ ಗುಳಿಯ ಕಡೆ ಹೊರಟಿತ್ತು.

"ನೋಡ್ ಬಸೀರಮ್ಮ, ಹೆತ್ತೋಳೇ ಮಕ್ಳ ಬಾಯ್ಗಾಕ್ಕತಾವ್ಳೆ."

"ಬೆಕ್ಕು ಮರಿ ಕಚ್ಕಂಡು ಜಾಗ ಬದಲಾಯ್ಸಲ್ವಾ, ಹಂಗೇ ಇರಬೇಕು."

"ಇರಬೋದು. ಬೆಕ್ಕು ನುಂಗದೂ ಉಂಟು ಕಣವ್ವ."

ನಾಲ್ಕು ದಿನಕ್ಕೆ ಮರಿಗಳು ಈಜಿದವು. ಈಜಿದ್ದೇ ತಡ, ತಾಯಿತಂದೆಯ ಪಕ್ಕೆಗೆ ಮುಗಿಬಿದ್ದು ಕುಟುಕತೊಡಗಿದವು.

"ಈಗ ಮಕ್ಳೇ ಅವ್ವನ್ನ ತಿಂತಾವಲ್ಲ," ಅಂದಳು ಶಿವನಂಜಮ್ಮ.

"ಅದು ಎಲ್ಲಾರ ಮನೇಲೂ ಇದ್ದದ್ದೇ," ಎಂದಳು ಅತ್ತೆ ಮಹಬೂಬ್ ಬೀ. ಮಗ ಹೋದ ಮೇಲೆ ಅವಳು ನಗೆಮಾತು ಆಡಿದ್ದು ಅದೇ ಮೊದಲು.

"ತಮಾಸೆ ಅಲ್ಲ ಬೀಬಮ್ಮ. ಹಸಿ ಬಾಣಂತಿ ಅದು. ಬ್ಯಾರೆ ಮಡುಗಿ, ಬೆಚ್ಚಗೆ ಕತ್ಲಲ್ಲಿ ಮೈ ಸುಧಾರಿಸ್ಕಳ್ಳಿ. ಗಂಡನ್ನೂ ಅತ್ಲಾಗೆ ಹಾಕಿ, ಬಾಣಂತಿ ತಾವ ಅವನಿಗೇನು ಕೆಲ್ಸ?"

ಮೂವರಿಗೂ ಅದು ಸರಿಯೆನಿಸಿತು. ಬಾಣಂತನ ನೋಡಿದ ಹೆಂಗಸರಿಗೆ ಬೇರೆ ಇನ್ನೇನು ತೋಚೀತು? ತಾಯಿ ಮೀನು ಒಲೆಯ ಹತ್ತಿರ ಮುಚ್ಚಳದ ಮಡಕೆಗೆ ಹೋಯಿತು, ತಂದೆ ಮೀನು ನಡುಮನೆಯ ತಪ್ಪಲೆಗೆ. ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದರು.

ಮೂರನೆಯ ದಿನ ಅರ್ಧಕ್ಕರ್ಧ ಮರಿಗಳು ಜೀರಿಗೆ ಚೆಲ್ಲಿದ ಹಾಗೆ ತೇಲುತ್ತಿದ್ದವು. ಸತ್ತವನ್ನು ತೆಗೆಯಲೆಂದು ಬಷೀರುನ್ನೀಸಾ ಬೆರಳು ಅದ್ದಿದಳು. ಉಳಿದ ಮರಿಗಳೆಲ್ಲ ಓಡಿಬಂದು ಅವಳ ಬೆರಳಿಗೆ ಮುತ್ತಿದವು. ಚರ್ಮವನ್ನು ಕುಟುಕಿ ಕುಟುಕಿ, ಏನೋ ಸಿಗದೆ, ಮತ್ತೆ ಕುಟುಕಿದವು. ಕಚ್ಚಿದ ಹಾಗಿರಲಿಲ್ಲ, ಕರು ಕೆಚ್ಚಲಿಗೆ ಹಾಯುವ ಹಾಗಿತ್ತು. ಇವು ತಾಯಿಯನ್ನು ತಿನ್ನುತ್ತಿರಲಿಲ್ಲ. ಅದರ ಮೈಮೇಲಿನ ಲೋಳೆಯನ್ನು ಹಾಲಿನ ಹಾಗೆ ಉಣ್ಣುತ್ತಿದ್ದವು.

ಆಗಲೇ ಎರಡು ಮೀನನ್ನೂ ತಂದು ತೊಟ್ಟಿಗೆ ಬಿಟ್ಟಳು. ಮರಿಗಳು ಅಂಟಿಕೊಂಡವು. ಅಪ್ಪ ಅವ್ವ ಎರಡೂ ಅಲ್ಲಾಡದೆ, ರೆಕ್ಕೆ ಹರವಿ, ಮೈ ಕೊಟ್ಟು ನಿಂತವು. ಆಮೇಲೆ ಒಂದೂ ಸಾಯಲಿಲ್ಲ.

ಮರಿಗಳು ಅಕ್ಕಿಕಾಳಿನಷ್ಟಾದಾಗ ಒಂದು ಗುರುವಾರ ಮಧ್ಯಾಹ್ನ ಮಜೀದ್ ಬಂದ. ಕೋಣೆಯ ಬಾಗಿಲಿಗೆ ಕಟ್ಟಿದ ಪರದೆಯ ಕೆಳಗೆ ಅವನ ಪಾದಗಳು ಮಾತ್ರ ಕಾಣುತ್ತಿದ್ದವು.

"ಭಾಬಿ, ಆ ಗಾಜು ಬೇಕಾಗದೆ."

ಅವಳು ತೊಟ್ಟಿಯ ಪಕ್ಕಕ್ಕೆ ಸರಿದು ಕೂತಳು.

"ಕ್ಲಬ್ಬಿನೋರ ಬ್ಯಾಟರಿ ಗಾಜು ಸೀಳ್ಬುಡ್ತು. ರೇಡಿಯೊ ನಿಂತೋಗದೆ. ಬೆಂಗ್ಳೂರಲ್ಲಿ ವಿಚಾರಿಸ್ದೆ, ಲಡಾಯಿ ಮುಗಿಯೋಗಂಟ ಗಾಜು ಬರಲ್ಲ ಅಂದ್ರು. ಈ ಗಿರಾಕಿನೂ ಹೋದ್ರೆ ಅಂಗಡಿ ಮುಚ್ಚಬೇಕಾಯ್ತದೆ."

"ಇನ್ನು ಹದಿನೆಂಟು ದಿನ ಮಜೀದ್. ಆಮೇಲೆ ತಗೊಂಡು ಹೋಗು."

"ಅವ್ರು ಹದಿನೆಂಟು ಗಂಟೆನೂ ತಡಿಯಲ್ಲ. ನಾಳೆ ಜುಮ್ಮಾ ಮುಗಿಸ್ಕಂಡು ಬತ್ತೀನಿ." ಹೊರಟವನು ತಿರುಗಿ ಅಂದ: "ಅಣ್ಣ ಇದ್ದಿದ್ರೆ ಅವನೂ ಕೊಡ್ತಿದ್ದ."

"ಇದ್ದಿದ್ರೆ ಗಾಜಿಗೆ ಇನ್ನೆಲ್ಲಾದ್ರೂ ಅಲೀತಿದ್ರು."

ಪಾದಗಳು ಪರದೆಯಿಂದ ಸರಿದು ಹೋದವು.

ಮರುದಿನ ಬೆಳಿಗ್ಗೆ ಅವಳು, ತಪ್ಪಲೆ ಸಾಲದೆಂದು, ಮನೆಯಲ್ಲಿದ್ದ ದೊಡ್ಡ ಮಡಕೆಗೆ ಎಲ್ಲವನ್ನೂ ಇಳಿಸಿದಳು. ಹದಿನೆಂಟು ದಿನ ತಾನೇ. ಬಗ್ಗಿ ನೋಡಿದರೆ ಮಡಕೆಯ ಹೊಟ್ಟೆ ಕಪ್ಪಗೆ. ಕಿಟಕಿಯ ಬೆಳಕಿಗೆ ವಾಲಿಸಿ ನೋಡಿದಳು. ದೊಡ್ಡ ಮೀನುಗಳು ಅಡಿಯಲ್ಲಿ ಸುತ್ತುತ್ತಿದ್ದವು. ಮರಿಗಳು ಚದುರಿ ಮಡಕೆಯ ಗೋಡೆಯನ್ನು ಕುಟುಕುತ್ತಿದ್ದವು. ಕಣ್ಣಿಗೆ ಕಂಡರೆ ತಾನೇ ತಾಯಿ ಸಿಗುವುದು! ಇನ್ನೊಂದು ತಾಸು ಕಾದು ನೋಡಿದಳು. ಹಾಗೇ ಇದ್ದವು.

ತನ್ನ ಒಂದು ಬೆಳಗಿಗಾಗಿ ಇವನ್ನು ಹದಿನೆಂಟು ದಿನ ಈ ಕತ್ತಲಲ್ಲಿ ಕೂಡಿಡಬಹುದು. ಆ ಬೆಳಗು ಬರುವಾಗ ಏನು ಉಳಿದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಮ್ಮಿ, ನೀವು ಕೆರೆಗೆ ಹೋಗಿ ಬರ್ತೀರಾ?"

ಮಹಬೂಬ್ ಬೀ ರಾಗಿ ಕೇರುವುದನ್ನು ನಿಲ್ಲಿಸಿದಳು. "ನಿನ್ ಕೈಲೇ ಬುಡಬೇಕು ಅಂತಿದ್ದಲ್ಲ ದುಲ್ಹನ್."

"ಅಂತಿದ್ದೆ. ಇವಕ್ಕೆ ತಾಯಿ ಕಾಣ್ತಿಲ್ಲ."

ಅತ್ತೆ ಮೊರ ಕೆಳಗಿಟ್ಟಳು.

"ಸುರೀಬೇಡಿ ಅಮ್ಮಿ. ಮಡಕೇನ ನೀರಲ್ಲಿ ಮುಳುಗಿಸಿ, ಅವೇ ಹೊರಗೆ ಬರಲಿ. ಯಾವುದು ಮೊದಲು ಬಂತು, ಮರಿ ಹಿಂದೆ ಹೋದ್ವಾ, ಎಲ್ಲಾ ನೋಡ್ಕೊಂಡು ಬನ್ನಿ. ನಂಗೆ ಹೇಳಬೇಕು."

"ಹೂಂ," ಅಂದು ಅತ್ತೆ ಮಡಕೆ ಸೊಂಟಕ್ಕೇರಿಸಿದಳು.

ಜುಮ್ಮಾ ನಮಾಜು ಮುಗಿಸಿ ಮಜೀದ್ ಬಂದ. ಬಷೀರುನ್ನೀಸಾ ಬರಿದಾದ ಗಾಜನ್ನು ಪರದೆಯ ಅಡಿಯಿಂದ ತಳ್ಳಿದಳು. ಆ ಕಡೆಯ ಕೈಗಳು ಎಳೆದುಕೊಂಡವು. ಒಳಗೆ ಒಂದಿಷ್ಟು ಮರಳು ಉಳಿದಿತ್ತು. ತೊಳೆದು ಕೊಡಬೇಕೆಂದು ಅವಳಿಗೂ ಅನ್ನಿಸಲಿಲ್ಲ, ಅವನೂ ಕೇಳಲಿಲ್ಲ.

ಅತ್ತೆ ಬರುವಾಗ ಬಿಸಿಲು ಇಳಿದಿತ್ತು.

"ಬುಟ್ಟೆ," ಅಂದಳು.

"ತಾಯಿ ಮೊದಲು ಬಂತಾ?"

"ಕಾಣ್ಲಿಲ್ಲ ದುಲ್ಹನ್. ಎಮ್ಮೆ ಇಳಿದು ನೀರೆಲ್ಲ ಕದಡಿತ್ತು. ನನ್ ಕಣ್ಣೂ ಮಂಜು. ಎತ್ತಿ ನೋಡಿದ್ರೆ ಮಡಕೇಲಿ ಒಂದೂ ಇರ್ಲಿಲ್ಲ, ಬಂದೆ."

"ಮರಿಗಳು?"

"ಕಾಣ್ಲಿಲ್ಲ ಅಂದ್ನಲ್ಲ."

ಬಷೀರುನ್ನೀಸಾ ತಲೆ ಎತ್ತಿದಳು. ಮುದುಕಿಯ ಸೀರೆ ಸೊಂಟದವರೆಗೂ ತೊಯ್ದು ಕೆಸರಾಗಿತ್ತು. ಈಜು ಬಾರದವಳು, ನೀರೆಂದರೆ ಹೆದರುವವಳು, ಎಮ್ಮೆ ಕದಡಿದ ನೀರನ್ನು ದಾಟಿ ಅಷ್ಟು ಒಳಗೆ ನಡೆದಿದ್ದಳು.

"ನೀರು ತಣ್ಣಗಿತ್ತಾ ಅಮ್ಮಿ?"

"ತಣ್ಣಗಿತ್ತು."

ಸೊಸೆ ಅತ್ತೆಯ ಕಾಲ ಬಳಿ ಕೂತು ಸೀರೆಯ ಅಂಚು ಹಿಡಿದು ಹಿಂಡಿದಳು. ಕೆರೆಯ ನೀರು ಅವಳ ಮಣಿಕಟ್ಟಿನ ಮೇಲೆ ಇಳಿಯಿತು. ಒರೆಸಿಕೊಳ್ಳದೆ, ಇನ್ನೊಂದು ನೆರಿಗೆಯನ್ನು ಹಿಂಡಿದಳು.